1974ರ ಚಳಿಗಾಲದಲ್ಲಿ ಅಮೆರಿಕ ಪೆಟ್ರೋಲಿಗೆ ಕ್ಯೂ ನಿಂತಿದ್ದು ಯಾಕೆ?

1974ರ ಫೆಬ್ರವರಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯ ಊರುಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಪೆಟ್ರೋಲ್ ಬಂಕ್‌ಗಳ ಮುಂದೆ ಕಾರುಗಳ ಸಾಲು ಬೆಳೆಯುತ್ತಿತ್ತು. ಒಂದೆರಡು ಗಂಟೆ ಕಾದರೆ 10 ಗ್ಯಾಲನ್, ಅಂದರೆ 38 ಲೀಟರ್ ಸಿಕ್ಕರೆ ಪುಣ್ಯ. ಕೆಲವು ಸಲ ಅದೂ ಇಲ್ಲ. ಇನ್ನೇನು ನಮ್ಮ ಸರದಿ ಬಂತು ಅನ್ನುವಾಗ ಬಂಕಿನವನು ಖಾಲಿ ಅಂತ ಬೋರ್ಡು ನೇತುಹಾಕಿಬಿಡುತ್ತಿದ್ದ. ಮಧ್ಯೆ ನುಗ್ಗಿದವರ ಜೊತೆ ಜಗಳ, ಹೊಡೆದಾಟ ಎಲ್ಲ ಆಯಿತು. ಆಗ ಆ ದೇಶದಲ್ಲಿ ಸುಮಾರು 10 ಕೋಟಿ ಕಾರುಗಳಿದ್ದವು. ಪೆಟ್ರೋಲ್ ಸಿಗದೇ ಹೋಗಬಹುದು ಎಂಬ ಯೋಚನೆಯೇ ಇಲ್ಲದೆ ಒಂದು ಇಡೀ ತಲೆಮಾರು ಅಲ್ಲಿ ಬೆಳೆದಿತ್ತು.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಸುಳ್ಳೇನಲ್ಲ, ಆದರೆ ಇದು ಅರ್ಧ ಉತ್ತರ. ಅದೇ ಚಳಿಗಾಲದಲ್ಲಿ ಪಶ್ಚಿಮ ಜರ್ಮನಿಗೂ ಎಣ್ಣೆಯ ಬಿಸಿ ತಟ್ಟಿತ್ತು. ಅಲ್ಲಿ ಬೆಲೆ ಏರಲು ಬಿಟ್ಟರು. ನಾಲ್ಕು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದರು. ಆದರೆ ಅಮೆರಿಕದಲ್ಲಿ ಆದಂಥ ಕ್ಯೂ ಅಲ್ಲಿ ಹುಟ್ಟಲಿಲ್ಲ. ಎಣ್ಣೆಯ ಕೊರತೆ ಹೊರಗಿನಿಂದ ಬಂತು ನಿಜ, ಆದರೆ ಕ್ಯೂ ಬಹುಪಾಲು ವಾಷಿಂಗ್ಟನ್ನಿನಲ್ಲೇ ತಯಾರಾಯಿತು. ಅದು ಹೇಗೆ ಅಂತ ತಿಳಿಯಬೇಕಾದರೆ ಎರಡೂವರೆ ವರ್ಷ ಹಿಂದಿನಿಂದ ಶುರು ಮಾಡಬೇಕು.

ಬೆಲೆಗೆ ಬಿದ್ದ ಬೀಗ

1971ರ ಆಗಸ್ಟ್ 15, ಭಾನುವಾರ ರಾತ್ರಿ. ಅಧ್ಯಕ್ಷ ರಿಚರ್ಡ್ ನಿಕ್ಸನ್ ಟಿವಿಯಲ್ಲಿ ಕಾಣಿಸಿಕೊಂಡು, 90 ದಿನ ದೇಶದಲ್ಲಿ ಯಾರೂ ಬೆಲೆ ಏರಿಸುವಂತಿಲ್ಲ, ಸಂಬಳವನ್ನೂ ಏರಿಸುವಂತಿಲ್ಲ ಎಂದು ಘೋಷಿಸಿದರು. ಡಾಲರನ್ನು ಚಿನ್ನಕ್ಕೆ ಕಟ್ಟಿದ್ದ ಗಂಟು ಬಿಚ್ಚಿದ್ದೂ ಅದೇ ಭಾಷಣದಲ್ಲಿ. ಹಣದುಬ್ಬರ ತಲೆನೋವಾಗಿತ್ತು. ಮರುವರ್ಷ ಚುನಾವಣೆ ಬೇರೆ ಇತ್ತು. ಜನ ಚಪ್ಪಾಳೆ ತಟ್ಟಿದರು.

ತಮಾಷೆ ಏನಂದರೆ, ಬೆಲೆ ನಿಯಂತ್ರಣ ಎಂಥ ತಲೆಬೇನೆ ಅಂತ ನಿಕ್ಸನ್ನಿಗೆ ಚೆನ್ನಾಗಿಯೇ ಗೊತ್ತಿತ್ತು. ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರಲ್ಲಿ, ಅವರು ವಾಷಿಂಗ್ಟನ್ನಿನ ಬೆಲೆ ನಿಯಂತ್ರಣ ಕಚೇರಿಯಲ್ಲಿ ಟೈರ್ ರೇಷನಿಂಗ್ ವಿಭಾಗದ ವಕೀಲರಾಗಿದ್ದರು. ಆ ಕೆಲಸ ಅವರಿಗೆ ಬೇಸರ ತರಿಸಿತ್ತು. ಆದರೂ ಚುನಾವಣೆ ಹತ್ತಿರ ಬಂದಾಗ ಅದೇ ದಾರಿ ಹಿಡಿದರು.

90 ದಿನ ಮುಗಿದರೂ ನಿಯಂತ್ರಣ ಮುಗಿಯಲಿಲ್ಲ. ಹಂತ ಹಂತವಾಗಿ ರೂಪ ಬದಲಿಸುತ್ತಾ ಮುಂದುವರಿಯಿತು. 1973ರ ಹೊತ್ತಿಗೆ ಅದರ ಬಣ್ಣ ಬಯಲಾಗತೊಡಗಿತ್ತು. ಮಾಂಸದ ಬೆಲೆ ಏರಿದಾಗ ಗೃಹಿಣಿಯರು ಏಪ್ರಿಲ್‌ನಲ್ಲಿ ಒಂದು ವಾರ ಮಾಂಸ ಕೊಳ್ಳುವುದನ್ನೇ ಬಿಟ್ಟು ಪ್ರತಿಭಟಿಸಿದರು. ಜೂನ್‌ನಲ್ಲಿ ನಿಕ್ಸನ್ ಮತ್ತೆ 60 ದಿನ ಬೆಲೆ ಕಟ್ಟಿಹಾಕಿದರು. ಆದರೆ ಕೋಳಿಯ ಬೆಲೆ ಕಟ್ಟಿದರೂ ಕೋಳಿ ತಿನ್ನುವ ಜೋಳ, ಸೋಯಾ ಬೆಲೆ ಏರುತ್ತಲೇ ಇತ್ತು. ಸಾಕಿದರೆ ನಷ್ಟ ಗ್ಯಾರಂಟಿ. ಟೆಕ್ಸಾಸ್‌ನಲ್ಲಿ ಸಾವಿರಾರು ಕೋಳಿಮರಿಗಳನ್ನು ಡ್ರಮ್ಮಿನಲ್ಲಿ ಮುಳುಗಿಸಿ ಸಾಯಿಸಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ದನ ಸಾಕುವವರು ದನಗಳನ್ನು ಮಾರುಕಟ್ಟೆಗೆ ಕಳಿಸುವುದನ್ನು ತಡೆಹಿಡಿದರು. ಅಂಗಡಿಯ ಕಪಾಟುಗಳು ಬರಿದಾದವು.

ಪೆಟ್ರೋಲಿನ ಕತೆಯೂ ಇದೇ ದಾರಿಯಲ್ಲಿತ್ತು. ಸ್ವಲ್ಪ ನಿಧಾನವಾಗಿ, ಅಷ್ಟೇ.

ಒಳಗಿನ ಬಾವಿ ಬತ್ತುತ್ತಿತ್ತು

ಅಮೆರಿಕ ತಾನೇ ದೊಡ್ಡ ಎಣ್ಣೆ ದೇಶ. ಎಷ್ಟೋ ದಶಕ ಅಲ್ಲಿ ಇದ್ದ ಸಮಸ್ಯೆ ಕೊರತೆಯದ್ದಲ್ಲ, ಹೆಚ್ಚಿಗೆ ಎಣ್ಣೆ ಬಂದು ಬೆಲೆ ಬಿದ್ದುಹೋಗುವುದು. ಅದಕ್ಕೇ ಟೆಕ್ಸಾಸ್ ರೈಲ್‌ರೋಡ್ ಕಮಿಷನ್ ಎಂಬ ಸಂಸ್ಥೆ ಪ್ರತಿ ತಿಂಗಳೂ ಯಾವ ಬಾವಿ ಎಷ್ಟು ಎತ್ತಬಹುದು ಎಂದು ಮಿತಿ ಹಾಕುತ್ತಿತ್ತು. ಹೆಸರು ರೈಲಿನದ್ದು, ಕೆಲಸ ಎಣ್ಣೆಯದ್ದು. ಸರ್ಕಾರಿ ಕಚೇರಿಗಳ ಕತೆ ಎಲ್ಲ ಕಡೆಯೂ ಹೀಗೇ. ಮಿತಿ ಇದ್ದದ್ದರಿಂದ ಕಷ್ಟಕಾಲಕ್ಕೆ ಅಂತ ಒಂದಿಷ್ಟು ಎಣ್ಣೆ ನೆಲದಲ್ಲೇ ಉಳಿದಿರುತ್ತಿತ್ತು. ಹೊರಗಿನ ಪೂರೈಕೆ ನಿಂತರೆ ಮಿತಿ ಸಡಿಲಿಸಿದರೆ ಆಯಿತು.

1970ರಲ್ಲಿ ಅಮೆರಿಕದ ಉತ್ಪಾದನೆ ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲ್ ಮುಟ್ಟಿ, ಆಮೇಲೆ ಇಳಿಯತೊಡಗಿತು. 1972ರಲ್ಲಿ ಟೆಕ್ಸಾಸ್‌ನ ಕಮಿಷನ್ ಎಲ್ಲ ಬಾವಿಗಳೂ ಪೂರ್ತಿ ಎತ್ತಬಹುದು ಎಂದುಬಿಟ್ಟಿತು. ಕಷ್ಟಕಾಲಕ್ಕೆ ಇಟ್ಟಿದ್ದು ಮುಗಿಯಿತು ಎನ್ನುವ ಸುದ್ದಿ ಅದು. ಆದರೆ ಎಣ್ಣೆ ವ್ಯವಹಾರದವರನ್ನು ಬಿಟ್ಟರೆ ಹೆಚ್ಚಿನವರು ಅದನ್ನು ಗಮನಿಸಲೇ ಇಲ್ಲ.

ಇತ್ತ ಬಳಕೆ ಮಾತ್ರ ಏರುತ್ತಲೇ ಇತ್ತು. 1973ರಲ್ಲಿ ದಿನಕ್ಕೆ 1.7 ಕೋಟಿ ಬ್ಯಾರೆಲ್ ದಾಟಿತ್ತು. ಅದರಲ್ಲಿ ಮೂರನೇ ಒಂದು ಪಾಲು ಆಮದು. ಅಲ್ಲಿನ ಕಾರು ಸರಾಸರಿ ಲೀಟರಿಗೆ 6 ಕಿಲೋಮೀಟರ್ ಕೂಡ ಕೊಡುತ್ತಿರಲಿಲ್ಲ. 'ಮೈಲೇಜ್ ಎಷ್ಟು ಕೊಡುತ್ತೆ?' ಎನ್ನುವ ಪ್ರಶ್ನೆಯಿಲ್ಲದೆ ಗಾಡಿ ಕೊಳ್ಳದ ನಮಗೆ ಇದು ನಂಬಲು ಕಷ್ಟ. ಅವರಿಗೆ ಅದು ಮುಖ್ಯವೇ ಆಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಊರ ಹೊರಗೆ ಎದ್ದ ಬಡಾವಣೆಗಳಿಗೆ ಬಸ್ಸು ಇರಲಿಲ್ಲ, ಎಷ್ಟೋ ಕಡೆ ಫುಟ್‌ಪಾತ್ ಕೂಡ ಇರಲಿಲ್ಲ. ಹಾಲು ತರಬೇಕಾದರೂ ಕಾರು ತೆಗೆಯಬೇಕು.

1973ರ ಬೇಸಿಗೆಯಲ್ಲೇ, ಅಂದರೆ ಆ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧಕ್ಕೂ ಮುಂಚೆ, ಕೆಲವು ಬಂಕ್‌ಗಳು ಸ್ಟಾಕ್ ಇಲ್ಲದೆ ಬಾಗಿಲು ಹಾಕಿದ್ದವು. ಹೊರಗಿನ ಎಣ್ಣೆ ದುಬಾರಿಯಾಗುತ್ತಿತ್ತು. ತರಿಸಿ ಮಾರೋಣ ಅಂದರೆ ಬೆಲೆಗೆ ಬೀಗ. ಹೀಗಿರುವಾಗ ಯಾರು ತಾನೇ ಜಾಸ್ತಿ ತರಿಸುತ್ತಾರೆ?

ಅಕ್ಟೋಬರ್ 1973

ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ದಾಳಿ ಮಾಡಿದವು. 16ರಂದು ಕೊಲ್ಲಿಯ ಎಣ್ಣೆ ದೇಶಗಳು ಬೆಲೆಯನ್ನು ಒಂದೇ ಏಟಿಗೆ ಶೇಕಡಾ 70ರಷ್ಟು ಏರಿಸಿದವು. ಮರುದಿನ ಅರಬ್ ದೇಶಗಳು ಪ್ರತಿ ತಿಂಗಳೂ ಉತ್ಪಾದನೆ ಕಡಿತ ಮಾಡುವುದಾಗಿ ಹೇಳಿದವು. 19ರಂದು ನಿಕ್ಸನ್ ಇಸ್ರೇಲಿಗೆ 220 ಕೋಟಿ ಡಾಲರ್ ನೆರವು ಕೇಳಿದರು. ಅದಕ್ಕೆ ಉತ್ತರವಾಗಿ 20ರಂದು ಸೌದಿ ಅರೇಬಿಯಾ ಅಮೆರಿಕಕ್ಕೆ ಎಣ್ಣೆ ಪೂರ್ತಿ ನಿಲ್ಲಿಸಿತು. ಅದೇ ಶನಿವಾರ ರಾತ್ರಿ ನಿಕ್ಸನ್ ವಾಟರ್‌ಗೇಟ್ ಹಗರಣದ (ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದ ಪ್ರಕರಣ) ತನಿಖೆ ಮಾಡುತ್ತಿದ್ದ ವಿಶೇಷ ಪ್ರಾಸಿಕ್ಯೂಟರ್ ಅನ್ನು ಕೆಲಸದಿಂದ ತೆಗೆಸಿದರು. ಅವರನ್ನು ತೆಗೆಯಲು ಒಪ್ಪದೆ ಅಟಾರ್ನಿ ಜನರಲ್ ರಾಜೀನಾಮೆ ಕೊಟ್ಟರು. ಜನ ಸರ್ಕಾರದ ಮಾತನ್ನು ನಂಬಲೇಬೇಕಾದ ಹೊತ್ತಿಗೆ ಸರಿಯಾಗಿ ಆ ನಂಬಿಕೆ ಕುಸಿದಿತ್ತು. ಈ ಮಾತು ಮುಂದೆ ಬೇಕಾಗುತ್ತದೆ.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. 'ಅಮೆರಿಕಕ್ಕೆ ಮಾತ್ರ ಎಣ್ಣೆ ಇಲ್ಲ' ಎಂಬ ನಿಷೇಧ ಹೇಳುವಷ್ಟು ಸುಲಭವಾಗಿ ಜಾರಿಯಾಗುವುದಿಲ್ಲ. ಎಣ್ಣೆ ಹಡಗಿನಲ್ಲಿ ಬರುವ ಸರಕು. ಕಂಪನಿಗಳು ಅರಬ್ ಎಣ್ಣೆಯನ್ನು ಯುರೋಪಿನ ಕಡೆ ತಿರುಗಿಸಿ, ಇರಾನ್, ನೈಜೀರಿಯಾ, ವೆನೆಜುವೆಲಾ ಕಡೆಯ ಎಣ್ಣೆಯನ್ನು ಅಮೆರಿಕಕ್ಕೆ ತಂದವು. ಹೀಗಾಗಿ ಏಟು ಎಲ್ಲರಿಗೂ ಹಂಚಿಹೋಯಿತು. ನಿಜವಾಗಿ ನೋವು ಕೊಟ್ಟಿದ್ದು ನಿಷೇಧಕ್ಕಿಂತ ಜಾಸ್ತಿ ಉತ್ಪಾದನೆಯ ಕಡಿತ. ಅದು ಕೂಡ ಒಟ್ಟು ಪೂರೈಕೆಯ ಶೇಕಡಾ 10ಕ್ಕಿಂತ ಕಡಿಮೆಯೇ. ಆದರೆ ಮುಂದೆ ಏನಾಗುತ್ತೋ ಎಂಬ ಭಯ ಬೆಲೆಯನ್ನು ಎಳೆದುಕೊಂಡು ಹೋಯಿತು. ಯುದ್ಧಕ್ಕೆ ಮುಂಚೆ ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿ 1ಕ್ಕೆ 11.65 ಡಾಲರ್.

1973ರ ಅದೇ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕ ಎಂದು ಹೆಸರು ಬದಲಿಸಿಕೊಂಡಿತ್ತು. ಇಲ್ಲೂ ಪೆಟ್ರೋಲ್ ಬೆಲೆ ಏರಿತು. ಅಟಲ್ ಬಿಹಾರಿ ವಾಜಪೇಯಿ ಅದನ್ನು ವಿರೋಧಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ದಿಲ್ಲಿಯ ಸಿಟ್ಟು ಬೆಲೆಯ ಮೇಲೆ. ಅಮೆರಿಕದ ಸಿಟ್ಟು ಕ್ಯೂ ಮೇಲೆ. ಸರ್ಕಾರಗಳು ಆರಿಸಿಕೊಂಡ ದಾರಿ ಬೇರೆ ಬೇರೆ, ಹಾಗಾಗಿ ಸಿಟ್ಟಿನ ಆಕಾರವೂ ಬೇರೆ.

ಕೊರತೆ ಕ್ಯೂ ಆಗಿದ್ದು ಹೇಗೆ?

ಒಂದು ವಸ್ತು ಶೇಕಡಾ 10ರಷ್ಟು ಕಡಿಮೆಯಾಯಿತು ಅಂದುಕೊಳ್ಳಿ. ಯಾರೋ ಕೆಲವರು ಅದನ್ನು ಬಿಡಲೇಬೇಕು. ಯಾರು ಬಿಡಬೇಕು ಅಂತ ತೀರ್ಮಾನಿಸುವುದು ಹೇಗೆ? ಬೆಲೆ ಏರಿದರೆ 'ಇಷ್ಟು ದುಡ್ಡು ಕೊಟ್ಟು ಭಾನುವಾರದ ಸುತ್ತಾಟ ಬೇಡ' ಅಂತ ಒಬ್ಬೊಬ್ಬರೇ ಹಿಂದೆ ಸರಿಯುತ್ತಾರೆ. ಬೆಲೆ ಏರಬಾರದು ಅಂದರೆ ಬೇರೆ ಏನಾದರೂ ಆ ಕೆಲಸ ಮಾಡಬೇಕು. ಕೂಪನ್ ಆಗಬಹುದು, ಪರಿಚಯ ಆಗಬಹುದು, ಅಥವಾ ಕಾಯುವ ತಾಳ್ಮೆ ಆಗಬಹುದು. ಕಂಟ್ರೋಲ್ ರೇಟಿನ ಸಕ್ಕರೆ, ಸೀಮೆಎಣ್ಣೆಗೆ ನ್ಯಾಯಬೆಲೆ ಅಂಗಡಿ ಮುಂದೆ ಡಬ್ಬ ಇಟ್ಟುಕೊಂಡು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿಮೆ ಬೆಲೆಯ ಉಳಿದ ಭಾಗವನ್ನು ಅಲ್ಲಿ ಕಾಲಿನಲ್ಲಿ ತೀರಿಸುತ್ತಿದ್ದೆವು.

ಸ್ವಲ್ಪ ಲೆಕ್ಕ ಹಾಕೋಣ. 1973ರಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ಸರಾಸರಿ ಗ್ಯಾಲನ್‌ಗೆ 39 ಸೆಂಟ್. 1974ರಲ್ಲಿ, ಸರ್ಕಾರ ಕಟ್ಟಿದ ಮಿತಿಯೊಳಗೇ, 53 ಸೆಂಟ್. ಅಂದರೆ 10 ಗ್ಯಾಲನ್ ಹಾಕಿಸಿದರೆ ಹೆಚ್ಚಾಗಿದ್ದು 1 ಡಾಲರ್ 40 ಸೆಂಟ್. ಆಗ ಸಾಮಾನ್ಯ ಕೆಲಸಗಾರನ ಗಂಟೆಯ ಕೂಲಿ 4 ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಒಂದು ಗಂಟೆ ಕ್ಯೂನಲ್ಲಿ ನಿಂತ ಅಂದರೆ ಬೆಲೆ ಏರಿಕೆಯ ಮೂರು ಪಟ್ಟು ಕಳೆದುಕೊಂಡ ಹಾಗಾಯಿತು. ಬೆಲೆ ಇನ್ನೊಂದಿಷ್ಟು ಏರಿದ್ದರೆ ಆ ದುಡ್ಡು ಯಾರ ಜೇಬಿಗಾದರೂ ಹೋಗುತ್ತಿತ್ತು, ಕ್ಯೂನಲ್ಲಿ ಹೋದ ಗಂಟೆ ಯಾರಿಗೂ ಸಿಗಲಿಲ್ಲ.

ಹಾಗಂತ ಬೆಲೆಯನ್ನು ಸುಮ್ನೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವ ಅರ್ಥಶಾಸ್ತ್ರಜ್ಞರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಸ್ಸಿಲ್ಲದ ಊರಲ್ಲಿ 30 ಕಿಲೋಮೀಟರ್ ದೂರದ ಫ್ಯಾಕ್ಟರಿಗೆ ಹೋಗುವವನು ಬೆಲೆ ಎಷ್ಟಾದರೂ ಹಾಕಿಸಲೇಬೇಕು. ಅವನಿಗೆ ಬಿಡುವ ಆಯ್ಕೆ ಇಲ್ಲ. ಕ್ಯೂನಲ್ಲಿ ಕ್ಯಾಡಿಲಾಕ್‌ನಂಥ ದುಬಾರಿ ಕಾರು ಇದ್ದವನೂ ನಿಲ್ಲಬೇಕು ಎನ್ನುವುದರಲ್ಲಿ ಒಂದು ನ್ಯಾಯ ಕಂಡವರು ಬಹಳ ಜನ ಇದ್ದರು. ನಿಯಂತ್ರಣ ತೆಗೆಯಲು ರಾಜಕಾರಣಿಗಳು ಹೆದರಿದ್ದು ಅದಕ್ಕೇ. ಆದರೆ ಸರ್ಕಾರ ಬೆಲೆ ಕಟ್ಟಿದ್ದಷ್ಟೇ ಅಲ್ಲ, ಯಾವ ಊರಿಗೆ ಎಷ್ಟು ಹೋಗಬೇಕು ಅಂತಲೂ ತಾನೇ ಹಂಚಲು ಕೂತಿತು. ಅಲ್ಲಿ ನಿಜವಾದ ಎಡವಟ್ಟು ಶುರುವಾಯಿತು.

1973ರ ನವೆಂಬರಿನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಕಾಯ್ದೆ ಮಾಡಿತು. ಅದರಂತೆ ಪ್ರತಿ ಬಂಕಿಗೂ 1972ರ ಅದೇ ತಿಂಗಳಲ್ಲಿ ಎಷ್ಟು ಮಾರಿತ್ತೋ ಅದರ ಒಂದು ಪಾಲು ಸಿಗಬೇಕು. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಎರಡು ವರ್ಷದಲ್ಲಿ ಊರುಗಳು ಬದಲಾಗಿರುತ್ತವೆ ಅಲ್ವಾ? ಹೊಸ ಬಡಾವಣೆ ಎದ್ದ ಊರಿಗೆ ಹಳೇ ಕೋಟಾ. ರಜೆ ಕಳೆಯಲು ಜನ ಹೋಗುತ್ತಿದ್ದ ಊರುಗಳಿಗೂ 1972ರ ಲೆಕ್ಕದಲ್ಲೇ ಪೆಟ್ರೋಲ್ ಹೋಯಿತು. ಆದರೆ ಪೆಟ್ರೋಲ್ ಇಲ್ಲ ಅಂತ ಜನ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಅತ್ತ ಹೆದ್ದಾರಿ ಪಕ್ಕದ ಬಂಕಿನಲ್ಲಿ ಪೆಟ್ರೋಲ್ ಇದೆ, ಗಿರಾಕಿ ಇಲ್ಲ. ಇತ್ತ ನಗರದ ಬಂಕಿನಲ್ಲಿ ಮೈಲಿಯುದ್ದ ಗಿರಾಕಿ, ಪೆಟ್ರೋಲ್ ಇಲ್ಲ. ಮೊದಲಾಗಿದ್ದರೆ ಕಂಪನಿಯವರು ಬೇಡಿಕೆ ಇದ್ದ ಕಡೆ ಟ್ಯಾಂಕರ್ ತಿರುಗಿಸುತ್ತಿದ್ದರು. ಈಗ ಹಾಗೆ ಮಾಡಿದರೆ ಕಾನೂನು ಮುರಿದ ಹಾಗೆ. ಒಂದೇ ದೇಶದಲ್ಲಿ ಕೆಲವು ಊರುಗಳು ಕ್ಯೂ ಎಂದರೇನು ಎಂದೇ ನೋಡದೆ ಆ ಚಳಿಗಾಲ ಕಳೆದವು.

ಬಂಕಿನವನ ಲೆಕ್ಕವನ್ನೂ ನೋಡಿ. ಅವನಿಗೆ ದಿನಕ್ಕೆ ಇಷ್ಟೇ ಎಂದು ಸ್ಟಾಕ್. ಮಿತಿ ಮೀರಿ ಬೆಲೆ ಏರಿಸುವಂತಿಲ್ಲ. ರಾತ್ರಿವರೆಗೆ ತೆರೆದಿಟ್ಟರೆ ಕೂಲಿ, ಕರೆಂಟು ಖರ್ಚು. ಎರಡು ಮೂರು ಗಂಟೆಯಲ್ಲಿ ಎಲ್ಲ ಮಾರಿ ಬಾಗಿಲು ಹಾಕುವುದೇ ಲಾಭ. ಇಡೀ ದಿನ ಚದುರಿ ಬರುತ್ತಿದ್ದ ಕಾರುಗಳೆಲ್ಲ ಆ ಎರಡು ಮೂರು ಗಂಟೆಗೇ ಬಂದು ನಿಂತವು. ಅಲ್ಲಿಯವರೆಗೆ ಬಂಕುಗಳು ಗಾಜು ಒರೆಸಿಕೊಡುತ್ತಿದ್ದವು, ಆಯಿಲ್ ನೋಡುತ್ತಿದ್ದವು, ಗಿರಾಕಿ ಹಿಡಿಯಲು ಗಾಜಿನ ಲೋಟ ಉಚಿತವಾಗಿ ಕೊಡುತ್ತಿದ್ದವು. ಅದೆಲ್ಲ ಮಾಯವಾಯಿತು. ಕೆಲವರು ಖಾಯಂ ಗಿರಾಕಿಗೆ ಮಾತ್ರ ಅಂದರು. ಬೆಲೆ ಸರ್ಕಾರ ಕಟ್ಟಿದ ಮಿತಿಯಲ್ಲೇ ನಿಂತಿತ್ತು, ಆದರೆ ಆ ದುಡ್ಡಿಗೆ ಸಿಗುತ್ತಿದ್ದದ್ದು ಕಡಿಮೆಯಾಗಿತ್ತು.

ನಿಕ್ಸನ್ ನವೆಂಬರಿನಲ್ಲಿ ಎರಡು ಸಲ ಟಿವಿಗೆ ಬಂದು ಮನವಿ ಮಾಡಿದ್ದರು. ಮನೆಯ ಹೀಟರ್ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, ಅಲಂಕಾರದ ದೀಪ ಬೇಡ, ಬಂಕುಗಳು ಶನಿವಾರ ರಾತ್ರಿಯಿಂದ ಭಾನುವಾರ ಪೂರ್ತಿ ಮುಚ್ಚಿರಲಿ. ಭಾನುವಾರ ಮುಚ್ಚುತ್ತೆ ಅಂದಮೇಲೆ ಜನ ಶನಿವಾರ ಮಧ್ಯಾಹ್ನವೇ ಮುಗಿಬಿದ್ದರು. ಇನ್ನೊಂದು ಕ್ಯೂ.

ಟ್ಯಾಂಕ್ ತುಂಬಿಸುವ ರೋಗ

ನನ್ನ ಪ್ರಕಾರ ಇಡೀ ಕತೆಯಲ್ಲಿ ಅತಿ ಸ್ವಾರಸ್ಯದ ಭಾಗ ಇದು. ಸಾಮಾನ್ಯ ದಿನಗಳಲ್ಲಿ ಜನ ಮುಳ್ಳು ಕೆಳಗಿಳಿದ ಮೇಲೆ ಬಂಕಿಗೆ ಹೋಗುತ್ತಾರೆ. ನಾಳೆ ಸಿಗುತ್ತೋ ಇಲ್ವೋ ಎಂಬ ಭಯ ಬಂದರೆ ಮುಕ್ಕಾಲು ಟ್ಯಾಂಕ್ ಇರುವಾಗಲೇ ಹೋಗಿ ನಿಲ್ಲುತ್ತಾರೆ. 10 ಕೋಟಿ ಕಾರುಗಳು ತಲಾ 19 ಲೀಟರ್ ಜಾಸ್ತಿ ತುಂಬಿಸಿಟ್ಟುಕೊಂಡವು ಅಂದುಕೊಳ್ಳಿ. ಒಟ್ಟು 190 ಕೋಟಿ ಲೀಟರ್. ಆಗ ಇಡೀ ದೇಶ ದಿನಕ್ಕೆ ಸುಡುತ್ತಿದ್ದ ಪೆಟ್ರೋಲ್ 105 ಕೋಟಿ ಲೀಟರ್ ಆಸುಪಾಸು. ಅಂದರೆ ದೇಶದ ಸುಮಾರು ಎರಡು ದಿನದ ಪೆಟ್ರೋಲ್ ಓಡದೆ, ಸುಡದೆ, ಬಂಕಿನ ಟ್ಯಾಂಕಿನಿಂದ ಕಾರಿನ ಟ್ಯಾಂಕಿಗೆ ಹೋಗಿ ಕೂತಿತು. ಜೊತೆಗೆ ಕ್ಯೂನಲ್ಲಿ ಇಂಜಿನ್ ಆನ್ ಮಾಡಿಕೊಂಡು, ಹೀಟರ್ ಹಾಕಿಕೊಂಡು ಕೂತವರು ಸುಟ್ಟಿದ್ದು ಬೇರೆ.

ಹೀಗಾಗಿ ಕೆಲವು ಕಡೆ ವಿಚಿತ್ರ ನಿಯಮ ಬಂತು: ನಿಮ್ಮ ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ತುಂಬಿದ್ದರೆ ಪೆಟ್ರೋಲ್ ಹಾಕುವುದಿಲ್ಲ. ಓರೆಗಾನ್ ರಾಜ್ಯದ ಗವರ್ನರ್ ಟಾಮ್ ಮೆಕಾಲ್ ಸಮ-ಬೆಸ ಪದ್ಧತಿ ತಂದರು. ನಂಬರ್ ಪ್ಲೇಟಿನ ಕೊನೆಯ ಅಂಕಿ ಬೆಸವಾದರೆ ಬೆಸ ತಾರೀಖಿಗೆ ಮಾತ್ರ ಪೆಟ್ರೋಲ್. ಬಂಕಿನ ಮುಂದೆ ಬಾವುಟ: ಹಸಿರು ಅಂದರೆ ಇದೆ, ಕೆಂಪು ಅಂದರೆ ಇಲ್ಲ. ದೆಹಲಿಯವರು 2016ರಲ್ಲಿ ಹೊಗೆ ತಗ್ಗಿಸಲು ಸಮ-ಬೆಸ ಕಂಡರು. ಅಮೆರಿಕದವರು ಕ್ಯೂ ತಗ್ಗಿಸಲು. ಇದರಿಂದ ಪೆಟ್ರೋಲ್ ಒಂದು ಹನಿಯೂ ಜಾಸ್ತಿಯಾಗಲಿಲ್ಲ. ಆದರೆ ದಿನಾ ಬಂದು ತುಂಬಿಸಿಕೊಳ್ಳುವ ಭಯದ ಗಿರಾಕಿ ಎರಡು ದಿನಕ್ಕೊಮ್ಮೆ ಬರುವಂತಾಯಿತು. ಅಷ್ಟರಿಂದಲೇ ಹಲವು ಕಡೆ ಸಾಲು ಕರಗಿತು.

ಭಯ ಎಷ್ಟು ಬೇಗ ಹಬ್ಬುತ್ತಿತ್ತು ಎನ್ನುವುದಕ್ಕೆ ಟಾಯ್ಲೆಟ್ ಪೇಪರ್ ಪ್ರಸಂಗವೇ ಸಾಕು. ಸರ್ಕಾರಿ ಕಚೇರಿಗಳಿಗೆ ಬೇಕಾದಷ್ಟು ಟಾಯ್ಲೆಟ್ ಪೇಪರ್ ಪೂರೈಸಲು ಟೆಂಡರ್ ಬರುತ್ತಿಲ್ಲ ಎಂದು ವಿಸ್ಕಾನ್ಸಿನ್‌ನ ಸಂಸದ ಹೆರಾಲ್ಡ್ ಫ್ರೋಲಿಕ್ ಒಂದು ಹೇಳಿಕೆ ಕೊಟ್ಟಿದ್ದರು. 1973ರ ಡಿಸೆಂಬರ್ 19ರ ರಾತ್ರಿ ಟಿವಿಯ ಜನಪ್ರಿಯ ನಿರೂಪಕ ಜಾನಿ ಕಾರ್ಸನ್ ತಮ್ಮ ಕಾರ್ಯಕ್ರಮದಲ್ಲಿ ಅದರ ಮೇಲೆ ಒಂದು ಜೋಕ್ ಹೊಡೆದರು. ಬೆಳಿಗ್ಗೆ ಜನ ಸೂಪರ್ ಮಾರ್ಕೆಟ್ಟಿಗೆ ನುಗ್ಗಿ ಸಿಕ್ಕಷ್ಟು ಬಾಚಿಕೊಂಡರು. ಕಪಾಟು ಖಾಲಿಯಾಯಿತು. ಖಾಲಿ ಕಪಾಟು ನೋಡಿದವರು, ಅಯ್ಯೋ, ನಿಜ ಇರಬೇಕು ಅಂತ ಇನ್ನಷ್ಟು ಹುಡುಕಿದರು. ಕಾರ್ಸನ್ ಆಮೇಲೆ ಟಿವಿಯಲ್ಲೇ ಸ್ಪಷ್ಟನೆ ಕೊಡಬೇಕಾಯಿತು. ಅಸಲಿಗೆ ಕೊರತೆ ಇರಲೇ ಇಲ್ಲ. ಕೊರೊನಾ ಬಂದ 2020ರ ಮಾರ್ಚಿನಲ್ಲಿ ಅಮೆರಿಕದಲ್ಲಿದ್ದ ನಮ್ಮವರಿಗೆ ಇದನ್ನು ಓದಿದರೆ ನಗು ಬರಬಹುದು.

ನಂಬಿಕೆಯ ಮಾತು ಇಲ್ಲಿ ಬರುತ್ತದೆ. ಎಣ್ಣೆ ಕಂಪನಿಗಳೇ ಸರಕು ಬಚ್ಚಿಟ್ಟು ನಾಟಕ ಆಡುತ್ತಿವೆ, ತುಂಬಿದ ಹಡಗುಗಳು ಸಮುದ್ರದಲ್ಲೇ ಬೆಲೆ ಏರಲಿ ಅಂತ ಕಾಯುತ್ತಿವೆ ಎಂಬ ಗುಸುಗುಸು ಎಲ್ಲ ಕಡೆ ಇತ್ತು. ಕಂಪನಿಗಳ ಲಾಭ ನಿಜವಾಗಿಯೂ ಏರಿತ್ತು. 1974ರ ಜನವರಿಯಲ್ಲಿ ಸೆನೆಟರ್ ಹೆನ್ರಿ ಜಾಕ್ಸನ್ ಏಳು ಕಂಪನಿಗಳ ಅಧಿಕಾರಿಗಳನ್ನು ಕ್ಯಾಮೆರಾ ಮುಂದೆ ಕೂರಿಸಿ, ಇದು ಅಸಹ್ಯ ಲಾಭ ಎಂದು ಜಾಡಿಸಿದರು. ವಾಟರ್‌ಗೇಟ್‌ನಲ್ಲಿ ಸಿಕ್ಕಿಬಿದ್ದಿದ್ದ ಅಧ್ಯಕ್ಷರು ಬಂದು ನಿಜವಾಗಿಯೂ ಕೊರತೆ ಇದೆ ಅಂದರೆ ನಂಬುವವರು ಯಾರು?

ಗಡಿಯಾರ, ವೇಗ ಮತ್ತು ಲಾರಿಗಳು

ಉಳಿತಾಯದ ಹೆಸರಿನಲ್ಲಿ ನಿತ್ಯದ ಬದುಕಿಗೆ ಕೈ ಹಾಕಿದ ಕ್ರಮಗಳು ಹಲವು. ಬೇಸಿಗೆಯಲ್ಲಿ ಮಾತ್ರ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ವರ್ಷಪೂರ್ತಿ ಮಾಡೋಣ, ಸಂಜೆ ದೀಪದ ಖರ್ಚು ಉಳಿಯುತ್ತೆ ಎಂದರು. 1974ರ ಜನವರಿ 6ಕ್ಕೆ ಶುರುವಾಯಿತು. ಚಳಿಗಾಲದಲ್ಲಿ ಮೊದಲೇ ಸೂರ್ಯ ತಡ. ಈಗ ಮಕ್ಕಳು ಕಗ್ಗತ್ತಲಲ್ಲಿ ಟಾರ್ಚ್ ಹಿಡಿದು ಸ್ಕೂಲ್ ಬಸ್ಸಿಗೆ ಕಾಯಬೇಕಾಯಿತು. ಫ್ಲಾರಿಡಾದಲ್ಲಿ ಬೆಳಗಿನ ಕತ್ತಲಲ್ಲಿ ಕಾರು ಬಡಿದು ಶಾಲಾ ಮಕ್ಕಳು ಸತ್ತರು. ಇದನ್ನು ರದ್ದು ಮಾಡಿ ಎಂದು ಅಲ್ಲಿನ ಗವರ್ನರ್ ರೂಬಿನ್ ಆಸ್ಕ್ಯೂ ಕೇಳಿಕೊಂಡರು. 1975ರ ಏಪ್ರಿಲ್‌ವರೆಗೆ ನಡೆಯಬೇಕಿದ್ದ ಪ್ರಯೋಗ ಅದೇ ಅಕ್ಟೋಬರಿಗೇ ಮುಗಿಯಿತು.

ವೇಗದ ಮಿತಿ ಹೆಚ್ಚು ಕಾಲ ಬಾಳಿತು. ಜನವರಿ 2ರಂದು ನಿಕ್ಸನ್ ಸಹಿ ಹಾಕಿದ ಕಾಯ್ದೆ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರ್ ಮಿತಿ ಹಾಕಿತು. ಪೆಟ್ರೋಲ್ ಉಳಿದಿದ್ದು ಅಷ್ಟಕ್ಕಷ್ಟೇ. ಆದರೆ ರಸ್ತೆ ಸಾವು 1973ರಲ್ಲಿ ಸುಮಾರು 54 ಸಾವಿರ ಇದ್ದದ್ದು 1974ರಲ್ಲಿ 45 ಸಾವಿರಕ್ಕೆ ಇಳಿಯಿತು. ಜನ ಕಾರು ಓಡಿಸುವುದನ್ನು ಕಡಿಮೆ ಮಾಡಿದ್ದೂ ಅದಕ್ಕೆ ಕಾರಣ. ಆ ಮಿತಿ 1995ರಲ್ಲಿ ಪೂರ್ತಿ ಹೋಗುವವರೆಗೂ ಅಮೆರಿಕದವರು ಅದನ್ನು ಬೈಯುತ್ತಲೇ ಮುರಿಯುತ್ತಲೇ ಇದ್ದರು. ಕಾರ್ ರೇಸಿನವರೂ ತಮ್ಮ ಪಾಲು ತೋರಿಸಿದರು: ಡೇಟೋನಾ 500 ಮೈಲಿಯ ರೇಸನ್ನು ಆ ವರ್ಷ 450 ಮೈಲಿಗೆ ಇಳಿಸಿದರು. ಲೆಕ್ಕಕ್ಕೆ 500 ಇರಲಿ ಅಂತ ಮೊದಲ 20 ಸುತ್ತು ಆಗಿದೆ ಎಂದುಕೊಂಡು 21ನೇ ಸುತ್ತಿನಿಂದ ಎಣಿಸಿದರು.

ನಿಜವಾಗಿ ಹೊಟ್ಟೆಗೆ ಹೊಡೆತ ಬಿದ್ದಿದ್ದು ಸ್ವಂತ ಲಾರಿ ಇಟ್ಟುಕೊಂಡ ಚಾಲಕರಿಗೆ. ಅವರ ದುಡಿಮೆ ಮೈಲಿ ಲೆಕ್ಕದಲ್ಲಿ. ನಿಧಾನ ಹೋದರೆ ದಿನದ ಮೈಲಿ ಕಡಿಮೆ, ಜೊತೆಗೆ ಡೀಸೆಲ್ ದುಬಾರಿ, ಸಾಲದ್ದಕ್ಕೆ ಬಂಕಿನಲ್ಲಿ ಮಿತಿ. 1973ರ ಡಿಸೆಂಬರಿನಲ್ಲಿ ಓಹಾಯೋ, ಪೆನ್ಸಿಲ್ವೇನಿಯಾ ಹೆದ್ದಾರಿಗಳಲ್ಲಿ ಲಾರಿಗಳನ್ನು ಅಡ್ಡ ನಿಲ್ಲಿಸಿ ದಾರಿ ಕಟ್ಟಿದರು. ಜನವರಿ ಕೊನೆಗೆ ಮುಷ್ಕರ. ಓಡುವ ಲಾರಿಗಳ ಮೇಲೆ ಗುಂಡು ಹಾರಿತು. ಹಲವು ರಾಜ್ಯಗಳು ನ್ಯಾಷನಲ್ ಗಾರ್ಡ್ ಪಡೆ ಕರೆಸಿದವು. ಇಂಧನದ ಏರಿಕೆಯನ್ನು ಬಾಡಿಗೆಗೆ ಸೇರಿಸಲು ಸರ್ಕಾರ ಒಪ್ಪಿದ ಮೇಲೆ ತಣ್ಣಗಾಯಿತು.

ಈ ಲಾರಿಯವರ ಕೈಯಲ್ಲಿದ್ದ ಒಂದು ಸಾಧನ ಆಮೇಲೆ ದೇಶದ ಹುಚ್ಚಾಯಿತು. ಸಿಬಿ ರೇಡಿಯೋ. ಯಾರು ಬೇಕಾದರೂ ಕೆಲವು ಕಿಲೋಮೀಟರ್ ದೂರದವರೆಗೆ ಮಾತಾಡಬಹುದಾದ ಸಣ್ಣ ರೇಡಿಯೋ ಅದು. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಎಲ್ಲಿ ಪೊಲೀಸರು ವೇಗ ಹಿಡಿಯಲು ಅಡಗಿದ್ದಾರೆ ಅಂತ ಲಾರಿಯವರು ಒಬ್ಬರಿಗೊಬ್ಬರು ಹೇಳಿಕೊಂಡರು. ಹೆದ್ದಾರಿ ಪೊಲೀಸನಿಗೆ 'ಸ್ಮೋಕಿ' ಎಂದು ಅಡ್ಡಹೆಸರು ಇಟ್ಟರು, ಅರಣ್ಯ ಇಲಾಖೆಯ ಪೋಸ್ಟರಿನ ಕರಡಿಯಂಥ ಟೋಪಿ ಹಾಕುತ್ತಿದ್ದರು ಅಂತ. ಒಂದೆರಡು ವರ್ಷದಲ್ಲಿ ಮನೆಮನೆಯ ಕಾರಿಗೂ ಸಿಬಿ ಬಂತು. ಲಾರಿಯವರ ಈ ಭಾಷೆಯ ಮೇಲೆ ಕಟ್ಟಿದ ಹಾಡೊಂದು 1976ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಕ್ಯೂ ಕರಗಿತು, ಕಾನೂನು ಉಳಿಯಿತು

1974ರ ಮಾರ್ಚ್ 18ಕ್ಕೆ ಅರಬ್ ದೇಶಗಳು ನಿಷೇಧ ತೆಗೆದವು. ಅದಕ್ಕೂ ಮುಂಚೆಯೇ, ಫೆಬ್ರವರಿ ಕೊನೆಗೆ, ಇಂಧನ ಕಚೇರಿಯ ಮುಖ್ಯಸ್ಥ ವಿಲಿಯಂ ಸೈಮನ್ ಕೊರತೆ ಇದ್ದ ಊರುಗಳಿಗೆ ಹೆಚ್ಚುವರಿ ಕೋಟಾ ಬಿಡುಗಡೆ ಮಾಡಿದ್ದರು. ಸಾಲು ಕರಗತೊಡಗಿತು. ಪತ್ರಿಕೆಗಳ ಮುಖಪುಟಕ್ಕೆ ಬೇರೆ ಸುದ್ದಿ ಬೇಕಾದಷ್ಟಿತ್ತು. ಪತ್ರಿಕೋದ್ಯಮಿ ಮನೆತನದ ಪ್ಯಾಟ್ಟಿ ಹರ್ಸ್ಟ್ ಅಪಹರಣವಾಗಿದ್ದಳು, ಆಮೇಲೆ ಅಪಹರಿಸಿದವರ ಜೊತೆಯೇ ಬ್ಯಾಂಕ್ ದರೋಡೆಯಲ್ಲಿ ಕಾಣಿಸಿಕೊಂಡಳು. ಏಪ್ರಿಲ್ 2ರ ಆಸ್ಕರ್ ಸಮಾರಂಭದ ವೇದಿಕೆಯಲ್ಲಿ ಒಬ್ಬ ಬೆತ್ತಲೆ ಓಡಿದ. ಏಪ್ರಿಲ್ 8ಕ್ಕೆ ಬೇಸ್‌ಬಾಲ್ ಆಟಗಾರ ಹ್ಯಾಂಕ್ ಆರನ್ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದರು.  ಆಗಸ್ಟ್ 9ಕ್ಕೆ ನಿಕ್ಸನ್ ಕುರ್ಚಿ ಬಿಟ್ಟರು.

ಆ ಗಡಿಬಿಡಿಯಲ್ಲಿ ರೇಷನ್ ಕೂಪನ್‌ಗಳ ಕತೆ ಮರೆತುಹೋಯಿತು. ಪರಿಸ್ಥಿತಿ ಕೈಮೀರಿದರೆ ಇರಲಿ ಅಂತ ಸರ್ಕಾರ 480 ಕೋಟಿ ಕೂಪನ್ ಅಚ್ಚು ಹಾಕಿಸಿತ್ತು. ಅದರ ಮೇಲೆ ಜಾರ್ಜ್ ವಾಷಿಂಗ್ಟನ್ ಚಿತ್ರ. ಚಿಲ್ಲರೆ ಕೊಡುವ ಯಂತ್ರಗಳು ಅದನ್ನು ಒಂದು ಡಾಲರ್ ನೋಟು ಅಂತಲೇ ತಿಳಿದು ನುಂಗುತ್ತಿದ್ದವು ಎಂದು ಆಮೇಲೆ ಗೊತ್ತಾಯಿತು. ಒಂದನ್ನೂ ಹಂಚಲಿಲ್ಲ. ಕೊಲರಾಡೊದ ಸೇನಾ ಗೋದಾಮಿನಲ್ಲಿ ವರ್ಷಗಟ್ಟಲೆ ಇಟ್ಟು, 1984ರಲ್ಲಿ ಚೂರು ಮಾಡಿಸಿದರು.

ಒಳ್ಳೆಯ ಬದಲಾವಣೆಗಳೂ ಆದವು. 1975ರ ಕಾಯ್ದೆಯಿಂದ ಕಾರು ಕಂಪನಿಗಳು 1985ರೊಳಗೆ ಸರಾಸರಿ ಮೈಲೇಜನ್ನು ಗ್ಯಾಲನ್‌ಗೆ 27.5 ಮೈಲಿಗೆ, ಅಂದರೆ ಲೀಟರಿಗೆ ಸುಮಾರು 11.7 ಕಿಲೋಮೀಟರಿಗೆ ಏರಿಸಬೇಕಾಯಿತು. ತುರ್ತು ಎಣ್ಣೆ ಸಂಗ್ರಹವೂ ಅದೇ ಕಾಯ್ದೆಯ ಕೂಸು. ಟೊಯೋಟಾ, ಡಾಟ್ಸನ್, ಹೋಂಡಾಗಳ ಸಣ್ಣ ಕಾರುಗಳು ಅಮೆರಿಕದ ರಸ್ತೆಯಲ್ಲಿ ಗಟ್ಟಿಯಾಗಿ ನೆಲೆಯೂರಿದವು.

ಆದರೆ ಬೆಲೆಯ ಬೀಗ ಹಾಗೇ ಉಳಿಯಿತು. ಉಳಿದೆಲ್ಲ ವಸ್ತುಗಳ ನಿಯಂತ್ರಣ 1974ರ ಏಪ್ರಿಲ್‌ಗೆ ಮುಗಿದರೂ ಎಣ್ಣೆಗೆ ಪ್ರತ್ಯೇಕ ಕಾಯ್ದೆ ಇತ್ತಲ್ಲ. ಹಳೇ ಬಾವಿಯ ಎಣ್ಣೆಗೆ ಒಂದು ಬೆಲೆ, ಹೊಸ ಬಾವಿಯದಕ್ಕೆ ಇನ್ನೊಂದು. ಯಾವುದು ಹಳೇದು, ಯಾವುದು ಹೊಸದು ಅಂತ ವಾದ ಮಾಡಲು ವಕೀಲರ ಸೈನ್ಯ. 1979ರಲ್ಲಿ ಇರಾನ್ ಕ್ರಾಂತಿಯಾಗಿ ಪೂರೈಕೆ ಮತ್ತೆ ಸ್ವಲ್ಪ ತಗ್ಗಿದಾಗ ಇಡೀ ನಾಟಕ ಮರುಪ್ರದರ್ಶನವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಕ್ಯೂ, ಸಮ-ಬೆಸ, ತುಂಬಿದ ಟ್ಯಾಂಕನ್ನೇ ತುಂಬಿಸುವ ಭಯ. ಪೆನ್ಸಿಲ್ವೇನಿಯಾದ ಲೆವಿಟೌನ್‌ನಲ್ಲಿ ಗಲಭೆಯೇ ಆಯಿತು. ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹಂತಹಂತವಾಗಿ ನಿಯಂತ್ರಣ ಸಡಿಲಿಸಲು ಶುರು ಮಾಡಿದರು. ಅವರ ನಂತರದ ಅಧ್ಯಕ್ಷ ರೊನಾಲ್ಡ್ ರೇಗನ್ 1981ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಪೂರ್ತಿ ಕಿತ್ತುಹಾಕಿದರು.

1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿತು. ಎರಡು ದೇಶಗಳ ಎಣ್ಣೆ ಒಟ್ಟಿಗೆ ಮಾರುಕಟ್ಟೆಯಿಂದ ಹೊರಬಿತ್ತು. ಎರಡೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಎರಡು ಪಟ್ಟಾಯಿತು. ಬಂಕಿನ ಬೋರ್ಡಿನ ಮೇಲೆ ಅಂಕಿ ಏರುತ್ತಲೇ ಹೋಯಿತು. ಕಂಪನಿಗಳಿಗೆ, ಅಧ್ಯಕ್ಷರಿಗೆ ಬೈಗುಳ ಧಾರಾಳವಾಗಿ ಸಿಕ್ಕಿತು, ಸಂಸದರು ವಿಚಾರಣೆ ಬೇಕು ಎಂದರು. ಆದರೆ ಸಮ-ಬೆಸ ದಿನಗಳಾಗಲಿ, ಹಸಿರು ಕೆಂಪು ಬಾವುಟಗಳಾಗಲಿ ಆಗ ಬೇಕಾಗಲಿಲ್ಲ.